ಫ್ರೇಮಿಗಿಂತ ಮೊದಲು ಬೆನ್ನು: ಟೈಮ್ ಟ್ರಯಲ್ ಸೈಕಲ್ ಈ ರೂಪಕ್ಕೆ ಬಂದ ಕತೆ

ಆಷಾಢದಲ್ಲಿ ಹೊಸಪೇಟೆಯಿಂದ ಕೊಪ್ಪಳದ ಕಡೆ ಸೈಕಲ್ ತುಳಿದವರಿಗೆ ಎದುರು ಗಾಳಿ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ರಸ್ತೆ ಸಪಾಟಾಗಿದ್ದರೂ ಏರು ಹತ್ತಿದ ಹಾಗೆ ತೊಡೆ ಸೋಲುತ್ತದೆ. ಲೆಕ್ಕ ಸರಳ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಎದುರಿಂದ 20 ಕಿ.ಮೀ. ಗಾಳಿ ಬೀಸಿದರೆ ಮೈಗೆ ಬಡಿಯುವ ಗಾಳಿಯ ವೇಗ 40. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಗಾಳಿಯೇ ಇಲ್ಲದ ದಿನ 20ರಿಂದ 40ಕ್ಕೆ ವೇಗ ಏರಿಸಬೇಕೆಂದರೆ, ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ಎಂಟು ಪಟ್ಟು!

ಟೈಮ್ ಟ್ರಯಲ್ ಅಂದರೆ ಗಡಿಯಾರದ ವಿರುದ್ಧದ ರೇಸ್, ಸವಾರ ಒಬ್ಬನೇ. ಮುಂದೆ ಯಾರ ಮರೆಯೂ ಇಲ್ಲ. ಸಪಾಟು ರಸ್ತೆಯಲ್ಲಿ 45 ಕಿ.ಮೀ. ವೇಗ ದಾಟಿದರೆ ಅವನ ಶಕ್ತಿಯ ಬಹುಪಾಲು ಗಾಳಿಗೇ ಹೋಗುತ್ತದೆ. ಆ ತಡೆಯಲ್ಲೂ ಸುಮಾರು ಮುಕ್ಕಾಲು ಪಾಲು ಸವಾರನ ಮೈಯದು. ಸೈಕಲ್‌ನದು ಉಳಿದ ಕಾಲು ಪಾಲು. ಲಕ್ಷಗಟ್ಟಲೆ ಬೆಲೆಯ ಫ್ರೇಮ್ ನೋಡಿ ಎದೆಗುಂದುವ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ಮುಂದಿನ ಕತೆ ಓದಬೇಕು.

ಹಳೆಯ ಫ್ರೇಮ್ ಅಂದರೆ ದುಂಡು ಉಕ್ಕಿನ ಪೈಪು. ದುಂಡು ಪೈಪನ್ನು ದಾಟಿದ ಗಾಳಿ ಹಿಂದೆ ಮತ್ತೆ ಒಂದಾಗಿ ಕೂಡುವುದಿಲ್ಲ. ಅಲ್ಲಿ ಸುಳಿ ಏಳುತ್ತದೆ, ಒತ್ತಡ ಇಳಿಯುತ್ತದೆ, ಪೈಪನ್ನು ಹಿಂದಕ್ಕೆ ಜಗ್ಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ನಿಂತಿರುವ ಗಾಳಿಯಂತ್ರಗಳ ರೆಕ್ಕೆಯನ್ನು ಅಡ್ಡ ಕೊಯ್ದರೆ ಬೇರೆ ಆಕಾರ ಕಾಣುತ್ತದೆ. ಮುಂದೆ ದುಂಡು, ಹಿಂದೆ ಉದ್ದಕ್ಕೆ ಸಣ್ಣಗಾಗುವ ಬಾಲ. ಗಾಳಿ ಆ ಬಾಲವನ್ನು ಹಿಡಿದುಕೊಂಡೇ ಜಾರಿ ಹೋಗುತ್ತದೆ. ಅಷ್ಟೇ ದಪ್ಪದ ದುಂಡು ಪೈಪಿಗೆ ಹೋಲಿಸಿದರೆ ತಡೆ ಹತ್ತನೇ ಒಂದು ಪಾಲಿಗೆ ಇಳಿಯಬಹುದು. ಟೈಮ್ ಟ್ರಯಲ್ ಫ್ರೇಮಿನ ಪೈಪುಗಳು ಈ ಆಕಾರದ ಬೆನ್ನು ಹತ್ತಿದವು.

ಆದರೆ ಮೊದಲ ದೊಡ್ಡ ಜಿಗಿತಗಳು ಫ್ರೇಮಿನಿಂದ ಬರಲಿಲ್ಲ. 1984ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೊಸೆರ್ ಮೆಕ್ಸಿಕೊ ಸಿಟಿಯಲ್ಲಿ ಕಡ್ಡಿಗಳಿಲ್ಲದ ಡಿಸ್ಕ್ ಚಕ್ರ ಹಾಕಿಕೊಂಡು ಒಂದು ಗಂಟೆಯಲ್ಲಿ 51.151 ಕಿ.ಮೀ. ಹೋದರು. ಎಡ್ಡಿ ಮರ್ಕ್ಸ್ ಅವರ 1972ರ ದಾಖಲೆ 49.431 ಕಿ.ಮೀ. ಇತ್ತು. ಆಮೇಲೆ ಬಂದದ್ದು 1989ರ ಟೂರ್ ಡಿ ಫ್ರಾನ್ಸ್. ಕೊನೆಯ ದಿನ ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಒಟ್ಟು ಸಮಯದ ಲೆಕ್ಕದಲ್ಲಿ ಫ್ರಾನ್ಸಿನ ಲೊರಾಂ ಫಿನ್ಯೊಂ 50 ಸೆಕೆಂಡ್ ಮುಂದಿದ್ದರು. ಎರಡನೆಯ ಸ್ಥಾನದಲ್ಲಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹ್ಯಾಂಡಲ್ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗುವ ಏರೋಬಾರ್ ಹಾಕಿಕೊಂಡು ಬಂದರು. ಆ ದಿನ ಅವರು 58 ಸೆಕೆಂಡ್ ಗಳಿಸಿದರು. ಮೂರು ವಾರದ ರೇಸನ್ನು ಬರೀ 8 ಸೆಕೆಂಡ್ ಅಂತರದಲ್ಲಿ ಗೆದ್ದರು. ಒಂದು ಜೊತೆ ಬಾಗಿದ ಕೊಳವೆ ಇಷ್ಟು ಕೆಲಸ ಮಾಡಿತು ಅಂದರೆ ಯಾರು ಸುಮ್ಮನಿರುತ್ತಾರೆ?

ಫ್ರೇಮಿನ ಸರದಿ ಬಂದದ್ದು 1992ರಲ್ಲಿ. ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಲೋಟಸ್ ಸೈಕಲ್ ಏರಿ ಬಂದರು. ಮೈಕ್ ಬರೋಸ್ ಅವರ ಕಲ್ಪನೆಯಿಂದ ಹುಟ್ಟಿದ ಆ ಫ್ರೇಮಿನಲ್ಲಿ ಪೈಪುಗಳೂ ಇಲ್ಲ, ತ್ರಿಕೋನವೂ ಇಲ್ಲ. ಕಾರ್ಬನ್ ಫೈಬರಿನ ಒಂದೇ ಅಚ್ಚು. ಇಬ್ಬರು ಸವಾರರು ಟ್ರ್ಯಾಕಿನ ಎದುರುಬದುರು ಬದಿಗಳಿಂದ ಹೊರಡುವ ಪರ್ಸ್ಯೂಟ್ ರೇಸಿನ ಫೈನಲ್‌ನಲ್ಲಿ ಬೋರ್ಡ್‌ಮನ್ ಎದುರಾಳಿಯನ್ನು ಹಿಂದಿನಿಂದ ಬಂದು ಹಿಡಿದೇಬಿಟ್ಟರು.

ಮರುವರ್ಷ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ತಾವೇ ಕಟ್ಟಿದ ಸೈಕಲ್‌ನಲ್ಲಿ 51.596 ಕಿ.ಮೀ. ತುಳಿದು ಮೊಸೆರ್ ದಾಖಲೆ ಮುರಿದರು. ಆ ಸೈಕಲ್‌ನಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಬೇರಿಂಗ್ ಇತ್ತು. ಗೆಲ್ಲಿಸಿದ್ದು ಅವರ ಭಂಗಿ. ಕೈಗಳನ್ನು ಎದೆಯ ಕೆಳಗೆ ಮಡಚಿಕೊಂಡು, ಬೆನ್ನು ಮಟ್ಟಸವಾಗಿಟ್ಟುಕೊಂಡು ತುಳಿದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತಿ ದೊಡ್ಡ ಸಾಧನೆ ಇದೇ. ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ ಆ ಭಂಗಿಯನ್ನು ನಿಷೇಧಿಸಿತು. ಆಗ ಒಬ್ರಿ ಕೈ ಮುಂದಕ್ಕೆ ಚಾಚುವ ಸೂಪರ್‌ಮ್ಯಾನ್ ಭಂಗಿ ತಂದರು. 1996ರಲ್ಲಿ ಬೋರ್ಡ್‌ಮನ್ ಅದೇ ಭಂಗಿಯಲ್ಲಿ 56.375 ಕಿ.ಮೀ. ಮುಟ್ಟಿದರು. ಅದಕ್ಕೂ ನಿಷೇಧ ಬಿತ್ತು.

ಅದೇ 1996ರ ಅಕ್ಟೋಬರ್‌ನಲ್ಲಿ ಯುಸಿಐ ಲುಗಾನೊ ಘೋಷಣೆ ಹೊರಡಿಸಿತು. ರೇಸ್ ಗೆಲ್ಲಬೇಕಾದದ್ದು ಮನುಷ್ಯ, ಯಂತ್ರ ಅಲ್ಲ ಅನ್ನುವುದು ಅದರ ಸಾರ. ಮಾತು ಸರಿಯೇ. 2000ದಿಂದ ಬಿಗಿ ನಿಯಮ ಬಂತು. ಫ್ರೇಮ್ ತ್ರಿಕೋನವಾಗಿಯೇ ಇರಬೇಕು, ಇಡೀ ಸೈಕಲ್‌ನ ತೂಕ 6.8 ಕೆ.ಜಿ.ಗಿಂತ ಕಡಿಮೆ ಇರಬಾರದು, ಪೈಪಿನ ಉದ್ದಗಲ 3:1 ಮೀರಬಾರದು. ಅಂದರೆ 2.5 ಸೆಂ.ಮೀ. ದಪ್ಪದ ಪೈಪು ಬಾಲವೂ ಸೇರಿ 7.5 ಸೆಂ.ಮೀ.ಗಿಂತ ಉದ್ದ ಇರುವಂತಿಲ್ಲ.

ಎಂಜಿನಿಯರ್‌ಗಳು ದಾರಿ ಹುಡುಕಿದರು. ಜರ್ಮನಿಯ ವುನಿಬಾಲ್ಡ್ ಕಾಮ್ 1930ರ ದಶಕದಲ್ಲೇ ಕಾರುಗಳ ಮೇಲೆ ಕೆಲಸ ಮಾಡಿ ಒಂದು ಸಂಗತಿ ತೋರಿಸಿದ್ದರು. ಬಾಲವನ್ನು ನಡುವೆಯೇ ಥಟ್ಟನೆ ಕತ್ತರಿಸಿದರೂ, ಅದು ಪೂರ್ತಿ ಇದ್ದಂತೆಯೇ ಗಾಳಿ ಹೆಚ್ಚುಕಡಿಮೆ ಹರಿಯುತ್ತದೆ. ಟ್ರೆಕ್ ಕಂಪನಿಯ ಸ್ಪೀಡ್ ಕಾನ್ಸೆಪ್ಟ್ ಸೈಕಲ್ ಈ ಕತ್ತರಿಸಿದ ಬಾಲವನ್ನು ಹೆಸರುವಾಸಿ ಮಾಡಿತು. ಅಡ್ಡಗಾಳಿಯಲ್ಲೂ ಅದು ಚೆನ್ನಾಗಿ ನಡೆಯುತ್ತದೆ. ಬ್ರೇಕ್, ಕೇಬಲ್ ಎಲ್ಲ ಫ್ರೇಮಿನೊಳಗೆ ಅಡಗಿದವು. ನಂತರ 3:1 ನಿಯಮವೂ ಸಡಿಲಾಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡದ ಟ್ರ್ಯಾಕ್ ಸೈಕಲ್‌ಗಳ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ) ತುಂಬಾ ಅಗಲವಾಗಿತ್ತು. ಕಾಲಿನ ಮುಂದೆ ಬರುವ ಗಾಳಿಯನ್ನು ಮೊದಲೇ ಸೀಳಲು ಹಾಗೆ ಮಾಡಿದ್ದರು. ಫ್ರೇಮನ್ನು ಒಂದೇ ಇಟ್ಟು ನೋಡುವ ಬದಲು ಸವಾರನ ಜೊತೆ ಸೇರಿಸಿ ನೋಡಲು ಕಲಿತರು.

2022ರ ಅಕ್ಟೋಬರ್ 8ರಂದು ಇಟಲಿಯ ಫಿಲಿಪ್ಪೊ ಗನ್ನಾ ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಗಂಟೆಯಲ್ಲಿ 56.792 ಕಿ.ಮೀ. ತುಳಿದರು. ಸೈಕಲ್ ಪಿನರೆಲ್ಲೊ, ಫ್ರೇಮ್ 3ಡಿ ಪ್ರಿಂಟರಿನಲ್ಲಿ ಮಾಡಿದ್ದು. ನಿಷೇಧಗೊಂಡ ಒಂದು ಭಂಗಿ ಕೊಟ್ಟ ದೂರವನ್ನು ದಾಟಲು 26 ವರ್ಷ ಹಿಡಿಯಿತು, ಅಲ್ವಾ!

ಹಾಗಾಗಿ ಕೊಪ್ಪಳ, ರಾಯಚೂರು ಕಡೆಯಿಂದ ರೇಸಿಗೆ ಇಳಿಯುವವರು ಮೊದಲು ಏರೋಬಾರ್ ಕೊಳ್ಳಲಿ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಆ ಭಂಗಿಯಲ್ಲೇ ಅರ್ಧ ತಾಸು ತುಳಿಯಲು ಮೈಯನ್ನು ಒಗ್ಗಿಸಲಿ. ಮೈಗಂಟುವ ಜೆರ್ಸಿ, ಒಳ್ಳೆ ಹೆಲ್ಮೆಟ್ ಆಮೇಲೆ. ಫ್ರೇಮ್ ಕೊನೆಗೆ. ಸೆಕೆಂಡ್ ಹ್ಯಾಂಡ್ ಫ್ರೇಮ್ ಸಿಕ್ಕರೆ ಒಂದು ಎಚ್ಚರ. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಾಥ್ಲಾನ್‌ನಲ್ಲಿ, ಒಬ್ಬರ ಮರೆಯಲ್ಲಿ ಇನ್ನೊಬ್ಬರು ತುಳಿಯುವಂತಿಲ್ಲದ ರೇಸುಗಳಿಗೆ ಸಾಮಾನ್ಯವಾಗಿ ಯುಸಿಐ ಫ್ರೇಮ್ ನಿಯಮ ಇರುವುದಿಲ್ಲ, ಅದಕ್ಕೇ ಸೀಟಿನ ಕೆಳಗೆ ಪೈಪೇ ಇಲ್ಲದ ಫ್ರೇಮ್‌ಗಳೂ ಮಾರುಕಟ್ಟೆಯಲ್ಲಿವೆ. ಅವು ಯುಸಿಐ ನಿಯಮದ ಟೈಮ್ ಟ್ರಯಲ್‌ಗೆ ನಡೆಯುವುದಿಲ್ಲ. ಹೊಸ ಮಾದರಿಗಳಿಗೆ ಒಪ್ಪಿಗೆ ಲೇಬಲ್ ಅಂಟಿಸುವ ಪದ್ಧತಿ 2011ರಲ್ಲಿ ಶುರುವಾಗಿದೆ. ದುಡ್ಡು ಕೊಡುವ ಮೊದಲು ಫ್ರೇಮಿನ ಮೇಲೆ ಆ ಲೇಬಲ್ ಇದೆಯಾ ನೋಡಿಕೊಳ್ಳಿ.