ಮೊದಲು ಕಾವು, ಆಮೇಲೆ ಹಾಲು

ಕಳೆದ ಮಾರ್ಚಿನಲ್ಲಿ ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಬಟ್ಟೆ ಅಂಗಡಿಯವರು ಹಳೇ ಬೋರ್ಡು ತೆಗೆಸಿದರು. ಬೋರ್ಡಿನ ಹಿಂದೆ, ಶಟರ್ ಸುರುಳಿಯ ಮೇಲೆ ಅಳಿಲಿನ ಗೂಡಿತ್ತು. ಅರಳೆ, ಹೊಲಿಗೆ ದಾರ, ತೆಂಗಿನ ನಾರು, ಹರಿದ ಬ್ಲೌಸ್ ಪೀಸಿನ ಒಂದು ಚೂರು. ಅದರೊಳಗೆ ಎರಡು ಮರಿ. ಕಣ್ಣು ಬಿಟ್ಟಿರಲಿಲ್ಲ. ಮೈಮೇಲೆ ರೋಮ ಇರಲಿಲ್ಲ. ಆದರೆ ಬೆನ್ನಿನ ತೆಳು ಚರ್ಮದ ಮೇಲೆ ಗೆರೆಗಳು ಆಗಲೇ ಮಸುಕಾಗಿ ಮೂಡಿದ್ದವು. ರಾಮ ಎಳೆದ ಗೆರೆ ಅಂತ ನಾವೆಲ್ಲ ಕಥೆ ಕೇಳಿದ್ದು ಅದೇ ಗೆರೆ.

ಅಂಗಡಿಯ ಹುಡುಗ ಎರಡನ್ನೂ ಒಂದು ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಓಡಿ ಬಂದ. ನನ್ನ ಹಳೇ ವಿದ್ಯಾರ್ಥಿ ಅವನು. ‘ಮಿಸ್, ಹಸ್ಕೊಂಡಾವ್ರಿ ಇವು. ಬೇಗ ಒಂದಿಷ್ಟು ಹಾಲು ಕೊಡ್ರಿ, ಹತ್ತಿಯಲ್ಲಿ ಅದ್ದಿ ಹಾಕ್ತೀನಿ’ ಅಂದ.

ಅವನ ಮನಸ್ಸು ನನಗೆ ಅರ್ಥವಾಗುತ್ತದೆ. ಹಸುಗೂಸು ಕಂಡರೆ ನಮಗೆ ಮೊದಲು ನೆನಪಾಗುವುದು ಹಾಲೇ, ಅಲ್ವಾ? ಆದರೆ ಅಳಿಲು ಮರಿಯ ವಿಷಯದಲ್ಲಿ ಮೊದಲು ಬೇಕಾದದ್ದು ತಾಯಿ. ತಾಯಿ ಸಿಗದಿದ್ದರೆ ಕಾವು. ಹಾಲಿನ ಸರದಿ ಬರುವುದು ಅದಾದ ಮೇಲೆ, ತುಂಬಾ ಆಮೇಲೆ.

ನಾವಿಬ್ಬರೂ ಡಬ್ಬ ಹಿಡಿದು ವಾಪಸ್ ಅಂಗಡಿಗೆ ಹೋದೆವು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಊರೆಲ್ಲ ಇದೆ. ಅದು ನಿಜವಲ್ಲ. ತಾಯಿ ಅಳಿಲು ತನ್ನ ಮರಿಗಾಗಿ ಹುಡುಕುತ್ತದೆ. ಒಂದು ಗೂಡು ಹಾಳಾದರೆ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಜಾಗಕ್ಕೆ ಸಾಗಿಸುತ್ತದೆ. ನಾವು ಮಾಡಬೇಕಾದದ್ದು ಇಷ್ಟೇ: ಮರಿಯನ್ನು ಬೆಚ್ಚಗಿಟ್ಟು, ತೆರೆದ ಡಬ್ಬದಲ್ಲಿ ಗೂಡಿನ ಹತ್ತಿರವೇ ಎತ್ತರದಲ್ಲಿ ಇಡುವುದು. ಇರುವೆ ಹತ್ತಬಾರದು, ಬಿಸಿಲು ನೇರ ಬೀಳಬಾರದು, ಕಾಗೆ ಬೆಕ್ಕುಗಳ ಮೇಲೆ ಒಂದು ಕಣ್ಣಿರಬೇಕು. ಆಮೇಲೆ ದೂರ ನಿಲ್ಲಬೇಕು. ಸುಮ್ನೆ ನಿಲ್ಲಬೇಕು. ಹತ್ತು ಜನ ಗುಂಪು ಕಟ್ಟಿ ಮೊಬೈಲ್ ಹಿಡಿದರೆ ತಾಯಿ ಕೆಳಗಿಳಿಯುವುದಿಲ್ಲ.

ಇಪ್ಪತ್ತು ನಿಮಿಷಕ್ಕೆ ತಾಯಿ ಬಂತು. ಬಾಲ ಅದುರಿಸುತ್ತಾ ಚಿಕ್ ಚಿಕ್ ಎಂದು ಕೂಗಿ, ಡಬ್ಬದೊಳಗೆ ಇಣುಕಿ, ಒಂದು ಮರಿಯನ್ನು ಎತ್ತಿಕೊಂಡು ಎದುರಿನ ಹೊಂಗೆ ಮರ ಹತ್ತಿತು. ಹುಡುಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಇನ್ನೊಂದಕ್ಕಾಗಿ ಸಂಜೆವರೆಗೆ ಕಾದೆವು. ಪೇಟೆಯ ಗದ್ದಲ ಜಾಸ್ತಿಯಾಯಿತು, ಹೊಸ ಬೋರ್ಡಿಗೆ ಡ್ರಿಲ್ ಹಾಕುವವರು ಬಂದರು. ಕತ್ತಲಾಯಿತು. ಅಳಿಲು ಹಗಲಿನ ಪ್ರಾಣಿ. ಕತ್ತಲಾದ ಮೇಲೆ ಅದು ಬರುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಇಟ್ಟು ನೋಡಿದೆವು. ಬರಲಿಲ್ಲ. ಹಾಗೆ ಆ ಮರಿ ನಮ್ಮ ಮನೆಗೆ ಬಂತು.

ಇಲ್ಲಿ ಒಂದು ಹಳೇ ವಿಷಯ ಹೇಳಬೇಕು. ನಾಲ್ಕು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನನಗೆ ಇಂಥದೇ ಒಂದು ಮರಿ ಸಿಕ್ಕಿತ್ತು. ಮುಟ್ಟಿದರೆ ತಣ್ಣಗಿತ್ತು. ನಾನು ಹಸುವಿನ ಹಾಲು ಕಾಯಿಸಿ, ಆರಿಸಿ, ಇಂಕ್ ಫಿಲ್ಲರಿನಲ್ಲಿ ಕುಡಿಸಿದೆ. ಅದು ಕುಡಿಯಿತು ಕೂಡ. ನನಗೆ ಸಮಾಧಾನವಾಯಿತು. ಬೆಳಿಗ್ಗೆ ನೋಡಿದರೆ ಹೊಟ್ಟೆ ಉಬ್ಬಿ ಸತ್ತಿತ್ತು. ಅದಾದ ಮೇಲೆ ನಾನು ಓದಿದ್ದು, ಪಶುವೈದ್ಯರನ್ನು ಕೇಳಿ ಕಲಿತದ್ದು ಈ ಬರಹದಲ್ಲಿದೆ.

ಅಷ್ಟು ಚಿಕ್ಕ ಮೈಗೆ ಚಳಿ ಯಾಕೆ ಅಷ್ಟು ಅಪಾಯ? ನಮ್ಮ ಮುದ್ದೆಯನ್ನೇ ನೋಡಿ. ತಟ್ಟೆಯಲ್ಲಿರುವ ಇಡೀ ಮುದ್ದೆ ಒಳಗೆ ಹೊಗೆಯಾಡುತ್ತಿರುತ್ತದೆ. ಮುರಿದುಕೊಂಡ ತುತ್ತು ಸಾರಿಗೆ ಅದ್ದುವಷ್ಟರಲ್ಲೇ ಆರುತ್ತದೆ. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ. ಬಿಸಿ ಹೊರಹೋಗುವುದು ಹೊರಮೈಯಿಂದಲೇ. ಹತ್ತು ಗ್ರಾಂ ತೂಕದ, ರೋಮವಿಲ್ಲದ ಮರಿ ಅಂದರೆ ಆ ತುತ್ತಿನ ಹಾಗೆ. ತನ್ನ ಮೈ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಇನ್ನೂ ಬಂದಿಲ್ಲ. ಗೂಡಿನ ಅರಳೆ, ಒಡಹುಟ್ಟಿದ ಮರಿ, ತಾಯಿಯ ಹೊಟ್ಟೆ, ಇವು ಮೂರೂ ಸೇರಿ ಅದನ್ನು ಬೆಚ್ಚಗಿಟ್ಟಿರುತ್ತವೆ. ನಾವು ಒಂದೇ ಏಟಿಗೆ ಮೂರನ್ನೂ ಕಿತ್ತುಕೊಂಡಿರುತ್ತೇವೆ.

ಮೈ ತಣ್ಣಗಾದರೆ ಕರುಳಿನ ಕೆಲಸ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಆಗ ಹೊಟ್ಟೆಗೆ ಬಿದ್ದ ಹಾಲು ಅರಗುವುದಿಲ್ಲ. ಅಲ್ಲೇ ಹುಳಿತು ಗಾಳಿ ಕಟ್ಟುತ್ತದೆ. ನಾಲ್ಕು ವರ್ಷದ ಹಿಂದಿನ ಮರಿಗೆ ಆದದ್ದು ಅದೇ. ಹಸಿದ ಮರಿ ಕೆಲವು ಗಂಟೆ ತಡೆದುಕೊಳ್ಳುತ್ತದೆ. ತಣ್ಣಗಾದ ಮರಿಗೆ ಅಷ್ಟು ಸಮಯ ಇರುವುದಿಲ್ಲ.

ದಾವಣಗೆರೆಯ ಮಾರ್ಚಿನಲ್ಲಿ ಚಳಿಯ ಮಾತೇ ಎಂದು ನಿಮಗೆ ಅನ್ನಿಸಬಹುದು. ನಾವು ಬೆವರುತ್ತಾ ಫ್ಯಾನಿನ ಕೆಳಗೆ ಕೂರುವ ಕಾಲ ಅದು. ಆದರೆ ರೋಮವಿಲ್ಲದ ಮರಿಗೆ ಸುತ್ತಲಿನ ಗಾಳಿ ಸುಮಾರು 32ರಿಂದ 35 ಡಿಗ್ರಿ ಇರಬೇಕು. ನಮ್ಮ ಟೈಲ್ಸ್ ನೆಲ, ಫ್ಯಾನಿನ ಗಾಳಿ ಅದಕ್ಕೆ ಚಳಿಯೇ. ರಾತ್ರಿಯಂತೂ ಹೇಳುವುದೇ ಬೇಡ.

ನಾನು ಮಾಡಿದ್ದು ಹೀಗೆ. ಒಂದು ಶೂ ಡಬ್ಬ. ಅದರ ಅರ್ಧ ಭಾಗದಲ್ಲಿ ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಳ ಹಾಕಿದ ಬಾಟಲಿ, ಅದಕ್ಕೆ ದಪ್ಪ ಬಟ್ಟೆ ಸುತ್ತಿದ್ದು. ಇನ್ನರ್ಧದಲ್ಲಿ ಏನೂ ಬಿಸಿ ಇಲ್ಲ. ಸೆಕೆಯಾದರೆ ಮರಿ ಆ ಕಡೆ ತೆವಳಿಕೊಂಡು ಹೋಗಲು ಜಾಗ ಬೇಕೇ ಬೇಕು, ಇಲ್ಲದಿದ್ದರೆ ಕಾವೇ ಅದನ್ನು ಕೊಲ್ಲುತ್ತದೆ. ಹಾಸಲು ಅಮ್ಮನ ಹಳೇ ಕಾಟನ್ ಸೀರೆಯ ತುಂಡು. ಟವೆಲ್ ಬೇಡ, ಅದರ ಕುಣಿಕೆಗಳಿಗೆ ಪುಟ್ಟ ಉಗುರು ಸಿಕ್ಕಿಕೊಳ್ಳುತ್ತದೆ. ಗೂಡಿನಲ್ಲಿ ಅರಳೆ ಇತ್ತಲ್ಲ ಎಂದು ಹತ್ತಿ ಹಾಸಲೂ ಬೇಡ. ಎಳೆಗಳು ಕಾಲಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲಬಹುದು. ಬಾಟಲಿಯ ನೀರು ಆರುತ್ತಿದ್ದಂತೆ ಬದಲಿಸಬೇಕು. ಆರಿದ ಬಾಟಲಿ ಮರಿಯ ಮೈಯಿಂದಲೇ ಬಿಸಿ ಎಳೆದುಕೊಳ್ಳುತ್ತದೆ.

ಒಂದು ಗಂಟೆ ಬಿಟ್ಟು ಮುಟ್ಟಿ ನೋಡಿದೆ. ಮೈ ನನ್ನ ಬೆರಳಿಗಿಂತ ಬೆಚ್ಚಗಿತ್ತು. ಮರಿ ಕೈಕಾಲು ಆಡಿಸಿತು. ಆಗ ನೀರು. ಕತ್ತಿನ ಹಿಂದಿನ ಚರ್ಮವನ್ನು ಮೆಲ್ಲಗೆ ಹಿಡಿದು ಬಿಟ್ಟರೆ ತಕ್ಷಣ ಮೊದಲಿನ ಹಾಗಾಗಬೇಕು. ಎದ್ದು ನಿಂತೇ ಇದ್ದರೆ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿದೆ ಎಂದರ್ಥ. ಪ್ಯಾಕೆಟ್ ಮೇಲೆ ಹೇಳಿದ ಅಳತೆಗೆ ಕಲಸಿದ ಓಆರ್‌ಎಸ್ ಅನ್ನು ಉಗುರುಬೆಚ್ಚಗೆ ಮಾಡಿ ಮೊದಲ ಎರಡು ಸಲ ಅದನ್ನೇ ಹನಿ ಹನಿಯಾಗಿ ಕೊಟ್ಟೆ.

ಇನ್ನು ಹಾಲು. ಹಸುವಿನ ಹಾಲು ಕರುವಿಗಾಗಿ ಆದದ್ದು. ಅದರಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು, 4 ಭಾಗದಷ್ಟು ಕೊಬ್ಬು, 5 ಭಾಗಕ್ಕೆ ಹತ್ತಿರ ಲ್ಯಾಕ್ಟೋಸ್ ಎಂಬ ಸಕ್ಕರೆ. ಅಳಿಲಿನ ಹಾಲು ತುಂಬಾ ಗಟ್ಟಿ. ಅದರಲ್ಲಿ ಕೊಬ್ಬು ಹಲವು ಪಟ್ಟು ಜಾಸ್ತಿ, ಸಕ್ಕರೆ ಕಡಿಮೆ. ಹೀಗಾಗಿ ಹಸುವಿನ ಹಾಲು ಕುಡಿದ ಮರಿಗೆ ಬೇಕಾದ ಶಕ್ತಿ ಸಿಗುವುದಿಲ್ಲ, ಬೇಡದ ಸಕ್ಕರೆ ಮಾತ್ರ ಹೊಟ್ಟೆ ಸೇರುತ್ತದೆ. ಅರಗದ ಲ್ಯಾಕ್ಟೋಸ್ ಕರುಳಿಗೆ ನೀರು ಎಳೆಯುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗಾಳಿ ಮಾಡುತ್ತವೆ. ಭೇದಿ ಶುರುವಾಗುತ್ತದೆ. ಹತ್ತು ಗ್ರಾಂ ಮೈಯಲ್ಲಿ ಭೇದಿಗೆ ಕಳೆದುಕೊಳ್ಳಲು ಎಷ್ಟು ನೀರಿರುತ್ತದೆ ಹೇಳಿ. ನಾಯಿಮರಿಗಳಿಗಾಗಿ ಮಾಡಿದ ಹಾಲಿನ ಪುಡಿ ಪೆಟ್ ಶಾಪಿನಲ್ಲಿ ಸಿಗುತ್ತದೆ. ಅಳಿಲಿನ ಹಾಲಿಗೆ ಸ್ವಲ್ಪ ಹತ್ತಿರ ಬರುವುದು ಅದೇ. ಅದು ಸಿಗುವವರೆಗೆ ಒಂದು ದಿನದ ಮಟ್ಟಿಗೆ ಮೇಕೆ ಹಾಲು ನಡೆಯುತ್ತದೆ. ಯಾವುದನ್ನೇ ಆದರೂ ಮೊದಲು ತೆಳ್ಳಗೆ ಕೊಟ್ಟು ಒಂದೆರಡು ದಿನದಲ್ಲಿ ಗಟ್ಟಿ ಮಾಡುತ್ತಾ ಹೋಗಬೇಕು.

ಎಷ್ಟು ಕೊಡಬೇಕು? ಒಂದು ಸಲಕ್ಕೆ ಮೈತೂಕದ ನೂರಕ್ಕೆ 5 ಭಾಗ. ಇದಕ್ಕೆ ತೂಕ ಗೊತ್ತಿರಬೇಕು. ಅಡುಗೆಮನೆಯ ತಕ್ಕಡಿ ಹತ್ತು ಗ್ರಾಮಿಗೆ ಅಲುಗಲೂ ಇಲ್ಲ. ಮಂಡಿಪೇಟೆಯಲ್ಲಿ ಗುರುತಿನ ಚಿನ್ನದಂಗಡಿಯವರೊಬ್ಬರಿದ್ದಾರೆ. ಹೋಗಿ ಕೇಳಿದೆ. ಅವರು ಏನೂ ಮಾತಾಡದೆ ಬಂಗಾರ ತೂಗುವ ತಟ್ಟೆಯ ಮೇಲೆ ಬಿಳಿ ಕಾಗದ ಹಾಸಿದರು. 10.240 ಗ್ರಾಂ. ಅಂದರೆ ಒಂದು ಸಲಕ್ಕೆ ಅರ್ಧ ಎಂಎಲ್ ಹಾಲು, ಸುಮಾರು ಹತ್ತು ಹನಿ. ಪ್ರೀತಿಯಿಂದ ಎರಡು ಎಂಎಲ್ ಕುಡಿಸಿಬಿಟ್ಟರೆ? ಅರವತ್ತು ಕೆಜಿ ತೂಕದವರಿಗೆ ಒಂದೇ ಸಲ 12 ಲೀಟರ್ ಕುಡಿಸಿದ ಹಾಗೆ. ಚಿನ್ನದಂಗಡಿಯವರು ಎರಡು ದಿನಕ್ಕೊಮ್ಮೆ ತಮ್ಮ ಪುಸ್ತಕದ ಕೊನೇ ಹಾಳೆಯಲ್ಲಿ ಮರಿಯ ತೂಕ ಬರೆದಿಡತೊಡಗಿದರು. ತೂಕ ಏರುತ್ತಿದೆ ಅನ್ನುವುದಕ್ಕಿಂತ ಒಳ್ಳೇ ಸುದ್ದಿ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಕುಡಿಸಲು ಸೂಜಿ ತೆಗೆದ ಒಂದು ಎಂಎಲ್ ಸಿರಿಂಜು. ಮರಿಯನ್ನು ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಅಂಗಾತ ಇದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ತಾಯಿಯ ಹೊಟ್ಟೆಗೆ ಅಂಟಿಕೊಂಡ ಹಾಗೆ ಹೊಟ್ಟೆ ಕೆಳಗಿರಬೇಕು, ತಲೆ ಸ್ವಲ್ಪ ಮೇಲೆ. ಸಿರಿಂಜನ್ನು ಒತ್ತಿ ತಳ್ಳಬೇಡಿ. ತುಟಿಗೆ ಒಂದು ಹನಿ ಇಡಿ, ಅದೇ ನೆಕ್ಕಿ ಚೀಪಿಕೊಳ್ಳುತ್ತದೆ. ಮೂಗಿನಿಂದ ಹಾಲಿನ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ ತಲೆ ಕೆಳಗೆ ಬಾಗಿಸಿ ಒರೆಸಿ. ಉಸಿರಾಡುವಾಗ ಟಿಕ್ ಟಿಕ್ ಸದ್ದು ಕೇಳಿದರೆ ಪಶು ಆಸ್ಪತ್ರೆಗೆ ಹೋಗಲೇಬೇಕು. ಬೆಕ್ಕು ಕಚ್ಚಿ ತಂದ ಮರಿಯಾದರೂ ಅಷ್ಟೇ. ಗಾಯ ಕಾಣದಿದ್ದರೂ ಬೆಕ್ಕಿನ ಹಲ್ಲಿನ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕೊಲ್ಲುತ್ತದೆ. ವೈದ್ಯರು ಕೊಡುವ ಆ್ಯಂಟಿಬಯಾಟಿಕ್ ಬಿಟ್ಟರೆ ದಾರಿಯಿಲ್ಲ.

ರೋಮ ಬರುವವರೆಗೆ ಎರಡು ಗಂಟೆಗೊಮ್ಮೆ, ಆಮೇಲೆ ಮೂರು ಗಂಟೆಗೊಮ್ಮೆ, ಕಣ್ಣು ಬಿಟ್ಟ ಮೇಲೆ ನಾಲ್ಕು ಗಂಟೆಗೊಮ್ಮೆ. ರಾತ್ರಿಯೂ ಏಳಬೇಕು. ನಾನು ಶಾಲೆಗೆ ಹೋದಾಗ ಅಮ್ಮ ಈ ಕೆಲಸ ನೋಡಿಕೊಂಡರು. ‘ಇಣಚಿ ಕಾಳು ಕದಿಯುತ್ತದೆ’ ಎಂದು ಬೈಯುತ್ತಿದ್ದವರು ಅದರ ಗಡಿಯಾರವಾಗಿಬಿಟ್ಟರು.

ಹಾಲಿನಷ್ಟೇ ಮುಖ್ಯವಾದ, ಆದರೆ ಯಾರಿಗೂ ಹೊಳೆಯದ ಇನ್ನೊಂದು ಕೆಲಸವಿದೆ. ಇಷ್ಟು ಎಳೇ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ, ಕಕ್ಕ ಮಾಡುವುದಿಲ್ಲ. ತಾಯಿ ನೆಕ್ಕಿದಾಗಲೇ ಆ ಸ್ನಾಯುಗಳು ಸಡಿಲವಾಗುತ್ತವೆ. ಗೂಡು ಒದ್ದೆಯಾಗದೆ ಇರುವ ಗುಟ್ಟು ಇದು, ವಾಸನೆ ಹಿಡಿದು ಹಾವು ಬರದಿರಲೂ ಒಳ್ಳೆಯದು. ನಾವು ಪ್ರತಿ ಸಲ ಹಾಲು ಕೊಟ್ಟಾಗ, ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಆ ಜಾಗವನ್ನು ಮೆಲ್ಲಗೆ ಸವರಬೇಕು. ಒಂದೆರಡು ಹನಿ ಬರುತ್ತದೆ. ಮಾಡದಿದ್ದರೆ ಮೂತ್ರಚೀಲ ಉಬ್ಬಿ ಮರಿ ಸಾಯುತ್ತದೆ, ಹೊಟ್ಟೆ ತುಂಬಾ ಹಾಲಿದ್ದರೂ.

ಮೂರು ವಾರ ದಾಟಿದ ಮೇಲೆ ಕಣ್ಣು ಬಿಟ್ಟಿತು. ಹಲ್ಲು ಬಂತು, ಬೆರಳು ಕಚ್ಚಿತು. ಸಣ್ಣ ಸೀಬೆ ಚೂರು, ಸೌತೆಕಾಯಿ, ನೆನೆಸಿದ ಹೆಸರುಕಾಳು, ಉಪ್ಪು ಹಾಕದ ರಾಗಿ ಅಂಬಲಿ ನೆಕ್ಕಿಸಿದೆ. ಮನೆಗೆ ಬಂದವರೆಲ್ಲ ಶೇಂಗಾ ತಂದರು. ಪಕ್ಕದ ಜಿಲ್ಲೆಯ ಚಳ್ಳಕೆರೆಯೇ ಶೇಂಗಾ ಎಣ್ಣೆಯ ಊರು, ನಮ್ಮಲ್ಲಿ ಶೇಂಗಾ ಇಲ್ಲದ ಮನೆಯಿಲ್ಲ. ಆದರೆ ಬೆಳೆಯುವ ಅಳಿಲಿಗೆ ಬರೀ ಶೇಂಗಾ ಕೊಟ್ಟರೆ ಮೂಳೆ ಹಾಳಾಗುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಕ್ಯಾಲ್ಸಿಯಂ ಸುಮಾರು 90 ಮಿಲಿಗ್ರಾಂ, ರಂಜಕ (ಫಾಸ್ಫರಸ್) ಅದರ ನಾಲ್ಕು ಪಟ್ಟು. ರಂಜಕ ಹೀಗೆ ಮೇಲುಗೈಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ದೇಹ ತನ್ನ ಮೂಳೆಯನ್ನೇ ಕರಗಿಸುತ್ತದೆ. ಕೆಲವೇ ವಾರದಲ್ಲಿ ಹಿಂಗಾಲು ಎಳೆಯತೊಡಗುತ್ತದೆ, ಜಿಗಿಯಲಾಗದೆ ಬೀಳುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ 300 ಮಿಲಿಗ್ರಾಮಿಗಿಂತ ಜಾಸ್ತಿ, ರಂಜಕ ಅದಕ್ಕಿಂತ ಕಡಿಮೆ. ಬೆಳಗಿನ ಎಳೆ ಬಿಸಿಲೂ ಬೇಕು. ಬಿಸ್ಕತ್ತು, ಖಾರ ಮಂಡಕ್ಕಿ, ಚಾಕೊಲೇಟ್ ಯಾವುದೂ ಬೇಡ.

ಅಳಿಲು ಸಾಕುಪ್ರಾಣಿ ಅಲ್ಲ. ಮರಿಯನ್ನು ನೋಡಿಕೊಳ್ಳುವುದೇ ಹೊರಗೆ ಬಿಡಲಿಕ್ಕೆ. ಆಗದಿದ್ದರೆ ಮೊದಲ ದಿನವೇ ಪಶುವೈದ್ಯರನ್ನೋ ಅರಣ್ಯ ಇಲಾಖೆಯ ಕಚೇರಿಯನ್ನೋ ಕೇಳುವುದು ಒಳ್ಳೆಯದು. ಕಣ್ಣು ಬಿಟ್ಟ ಮೇಲೆ ನಾನು ಅದನ್ನು ಹೆಚ್ಚು ಎತ್ತಿಕೊಳ್ಳಲಿಲ್ಲ. ಹೆಸರಿಡಲಿಲ್ಲ. ಅದು ನನಗೆ ಕಷ್ಟವಾಯಿತು.

ಹತ್ತು ವಾರ ತುಂಬುವ ಹೊತ್ತಿಗೆ ಹಾಲು ಬಿಟ್ಟಿತ್ತು. ಮಹಡಿಯ ಮೇಲೆ, ಬೇವಿನ ಕೊಂಬೆ ತಾಗುವ ಮೂಲೆಯಲ್ಲಿ, ಜಾಲರಿ ಪಂಜರ ಕಟ್ಟಿಸಿ ಒಳಗೆ ಒಂದು ಮರದ ಪೆಟ್ಟಿಗೆ ತೂಗುಹಾಕಿದೆ. ಬಿಸಿಲು, ಗಾಳಿ, ಕಾಗೆಯ ಕೂಗು, ಬೇರೆ ಅಳಿಲುಗಳ ಎಚ್ಚರಿಕೆಯ ಸದ್ದು, ಎಲ್ಲವನ್ನೂ ಒಂದು ವಾರ ಕೇಳಿಸಿಕೊಂಡಿತು. ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದಿಟ್ಟೆ. ಅಂಗಡಿಯ ಹುಡುಗ ರಜೆ ಹಾಕಿ ಬಂದಿದ್ದ. ಅಳಿಲು ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಬೇವಿನ ಕೊಂಬೆಗೆ ಜಿಗಿಯಿತು.

ಸಂಜೆ ಪೆಟ್ಟಿಗೆಗೆ ವಾಪಸ್ ಬಂತು. ಹನ್ನೊಂದು ದಿನ ಹೀಗೇ ನಡೆಯಿತು. ಕತ್ತಲಾದ ಮೇಲೆ ಪೆಟ್ಟಿಗೆಯ ಬಾಯಿಗೆ ಕೈ ಹಿಡಿದರೆ ಒಳಗಿನ ಕಾವು ತಾಗುತ್ತಿತ್ತು. ಹನ್ನೆರಡನೇ ರಾತ್ರಿ ಕೈ ಹಾಕಿ ಸೀರೆಯ ತುಂಡು ಮುಟ್ಟಿದೆ. ತಣ್ಣಗಿತ್ತು. ಕೆಳಗಿಳಿದು ಬಂದು ಅಮ್ಮನಿಗೆ ಹೇಳಿದೆ.