ರಕ್ತದ ಕೊಬ್ಬನ್ನು ಉಪ್ಪುನೀರಿನಲ್ಲಿ ತೇಲಿಸಿದವರು

ಮನೆಯಲ್ಲಿ ಹಳೆಯ ಲಿಪಿಡ್ ಪ್ರೊಫೈಲ್ ವರದಿ ಇದ್ದರೆ ತೆಗೆದು ನೋಡಿ. ವಿಎಲ್‌ಡಿಎಲ್ ಎಂಬ ಸಾಲಿನ ಎದುರಿಗಿರುವ ಸಂಖ್ಯೆಯನ್ನು ಐದರಿಂದ ಗುಣಿಸಿ. ಹೆಚ್ಚಿನ ವರದಿಗಳಲ್ಲಿ ಬರುವ ಉತ್ತರ ಟ್ರೈಗ್ಲಿಸರೈಡ್ ಸಾಲಿನ ಸಂಖ್ಯೆಯೇ ಆಗಿರುತ್ತದೆ. ಅಂದರೆ ಪ್ರಯೋಗಾಲಯದವರು ವಿಎಲ್‌ಡಿಎಲ್ ಅಳೆದಿಲ್ಲ, ಲೆಕ್ಕ ಹಾಕಿದ್ದಾರೆ. ಎಷ್ಟೋ ವರದಿಗಳಲ್ಲಿ ಎಲ್‌ಡಿಎಲ್ ಕೂಡ ಹೀಗೆಯೇ ಬಂದಿರುತ್ತದೆ. ಒಟ್ಟು ಕೊಲೆಸ್ಟರಾಲ್ 210, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 250 ಎಂದುಕೊಳ್ಳಿ. 210ರಲ್ಲಿ 40 ಕಳೆದು, 250ರ ಐದನೇ ಒಂದು ಪಾಲಾದ 50ನ್ನೂ ಕಳೆದರೆ ಉಳಿಯುವ 120 ಎಲ್‌ಡಿಎಲ್. ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್ಸನ್ ಎಂಬ ಅಮೆರಿಕದ ಮೂವರು 1972ರಲ್ಲಿ ಕೊಟ್ಟ ಸೂತ್ರ ಇದು. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಕೈಕೊಡುತ್ತದೆ.

ಈ ಸೂತ್ರ ಹುಟ್ಟಿದ್ದು ರಕ್ತದ ಕೊಬ್ಬಿನ ಕಣಗಳನ್ನು ಬೇರ್ಪಡಿಸಿ ಅಳೆಯುವ ದೊಡ್ಡ ಶ್ರಮವನ್ನು ತಪ್ಪಿಸುವುದಕ್ಕಾಗಿ. ಆ ಶ್ರಮದ ಪರಿಚಯವಿಲ್ಲದೆ ಎಲ್‌ಡಿಎಲ್ ಎಂದರೇನು ಎಂಬುದು ಪೂರ್ತಿ ಅರ್ಥವಾಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಕೊಬ್ಬು ನೀರಿನಲ್ಲಿ ಕರಗದು. ರಕ್ತದ ಪ್ಲಾಸ್ಮಾ ಬಹುಪಾಲು ನೀರೇ. ಆದ್ದರಿಂದ ಯಕೃತ್ತು ಮತ್ತು ಕರುಳು ಕೊಬ್ಬನ್ನು ಸಣ್ಣ ಸಣ್ಣ ಕಣಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತವೆ. ಒಳಗೆ ಟ್ರೈಗ್ಲಿಸರೈಡ್ ಮತ್ತು ಕೊಲೆಸ್ಟರಾಲ್ ಎಸ್ಟರ್, ಹೊರಗೆ ಫಾಸ್ಫೊಲಿಪಿಡ್‌ಗಳ ತೆಳುಪದರ, ಅದರ ಮೇಲೆ ಪ್ರೋಟೀನ್. ಇವೇ ಲಿಪೊಪ್ರೋಟೀನ್‌ಗಳು. ವರದಿಯ ವಿಎಲ್‌ಡಿಎಲ್, ಎಲ್‌ಡಿಎಲ್, ಎಚ್‌ಡಿಎಲ್ ಎಂದರೆ ಕ್ರಮವಾಗಿ ಅತಿ ಕಡಿಮೆ, ಕಡಿಮೆ ಮತ್ತು ಹೆಚ್ಚು ಸಾಂದ್ರತೆಯ ಲಿಪೊಪ್ರೋಟೀನ್‌ಗಳು. ಎಲ್‌ಡಿಎಲ್ ಕಣವೊಂದರ ಅಗಲ ಸುಮಾರು 22 ನ್ಯಾನೊಮೀಟರ್. ಅದರ ಒಡಲಲ್ಲಿ ಸುಮಾರು 1,500 ಕೊಲೆಸ್ಟರಾಲ್ ಎಸ್ಟರ್ ಅಣುಗಳಿರುತ್ತವೆ. 4,536 ಅಮೈನೋ ಆಮ್ಲಗಳ ಒಂದೇ ಒಂದು ಉದ್ದನೆಯ ಪ್ರೋಟೀನ್ ಅದನ್ನು ಸುತ್ತಿಕೊಂಡಿರುತ್ತದೆ. ಕಣದಲ್ಲಿ ಕೊಬ್ಬಿನ ಪಾಲು ಹೆಚ್ಚಿದಷ್ಟೂ ಅದು ಹಗುರ, ಪ್ರೋಟೀನಿನ ಪಾಲು ಹೆಚ್ಚಿದಷ್ಟೂ ಭಾರ. ಬೇರ್ಪಡಿಸುವ ವಿದ್ಯೆಯೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಎಲ್ಲಕ್ಕಿಂತ ದೊಡ್ಡ ಕಣಗಳನ್ನು ಬೇರ್ಪಡಿಸಲು ಯಂತ್ರವೂ ಬೇಕಿಲ್ಲ. ಜಿಡ್ಡಿನ ಊಟವಾದ ಕೆಲವು ಗಂಟೆಗಳ ಮೇಲೆ ತೆಗೆದ ರಕ್ತದ ಪ್ಲಾಸ್ಮಾ ಮಂಜುಮಂಜಾಗಿ ಕಾಣಬಹುದು. ಕೆಲವರಲ್ಲಂತೂ ಅದು ಹಾಲಿನಷ್ಟೇ ಬೆಳ್ಳಗಿರುತ್ತದೆ. ಅದನ್ನು ನಳಿಕೆಯಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಅಲುಗಾಡಿಸದೆ ಇಟ್ಟರೆ, ಬೆಳಿಗ್ಗೆ ಮೇಲೆ ಕೆನೆ ಕಟ್ಟಿರುತ್ತದೆ. ಅದು ಕರುಳಿನಿಂದ ಬಂದ ಕೈಲೊಮೈಕ್ರಾನ್ ಕಣಗಳ ಪದರ. ಉಳಿದ ಕಣಗಳಿಗೆ ಈ ಉಪಾಯ ಸಾಲದು. ಸುತ್ತಲಿನ ನೀರಿನ ಅಣುಗಳ ತಳ್ಳಾಟವೇ ಅವನ್ನು ಎಲ್ಲ ಕಡೆ ಹರಡಿಟ್ಟಿರುವಷ್ಟು ಅವು ಚಿಕ್ಕವು.

1929ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಮಿಶೆಲ್ ಮಾಶೆಬೂಫ್ ಕುದುರೆಯ ರಕ್ತರಸಕ್ಕೆ ಅಮೋನಿಯಂ ಸಲ್ಫೇಟ್ ಬೆರೆಸಿ, ಬಳಿಕ ಆಮ್ಲೀಯಗೊಳಿಸಿ, ಕೊಬ್ಬೂ ಪ್ರೋಟೀನೂ ಒಟ್ಟಿಗಿರುವ ವಸ್ತುವೊಂದನ್ನು ಪಡೆದರು. ದ್ರವವನ್ನು ಅತಿವೇಗವಾಗಿ ತಿರುಗಿಸಿ ಅದರೊಳಗಿನ ಕಣಗಳನ್ನು ಬೇರ್ಪಡಿಸುವ ಅಲ್ಟ್ರಾಸೆಂಟ್ರಿಫ್ಯೂಜ್ ಯಂತ್ರವನ್ನು ಸ್ವೀಡನ್ನಿನ ಉಪ್ಸಾಲದಲ್ಲಿ ಸ್ವೆಡ್‌ಬೆರ್ಗ್ ಕಟ್ಟಿದ್ದೂ ಅದೇ ದಶಕದಲ್ಲಿ. ಆ ಯಂತ್ರದಲ್ಲಿ ರಕ್ತರಸವನ್ನು ತಿರುಗಿಸಿದವರಿಗೆ ಒಂದು ಒಗಟು ಎದುರಾಯಿತು. ಕೆಳಗಿಳಿಯುವ ಅಲ್ಬುಮಿನ್ ಪ್ರೋಟೀನಿನ ಗುರುತಿನ ಪಕ್ಕದಲ್ಲಿ ಇನ್ನೊಂದು ಉಬ್ಬು ಕಾಣುತ್ತಿತ್ತು. ರಕ್ತರಸವನ್ನು ತೆಳುವಾಗಿಸಿದರೆ ಅದು ಜಾಗ ಬದಲಿಸುತ್ತಿತ್ತು. ಉಪ್ಸಾಲದ ಪೆಡರ್ಸನ್ ಅದನ್ನು ಎಕ್ಸ್ ಪ್ರೋಟೀನ್ ಎಂದು ಕರೆದರು.

ಒಗಟು ಬಿಡಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಜಾನ್ ಗಾಫ್‌ಮನ್ ಮತ್ತು ಅವರ ಸಂಗಡಿಗರಾದ ಲಿಂಡ್‌ಗ್ರೆನ್, ಎಲಿಯಟ್. ಯುದ್ಧಕಾಲದಲ್ಲಿ ಯುರೇನಿಯಂ, ಪ್ಲುಟೋನಿಯಂಗಳ ರಸಾಯನದಲ್ಲಿ ಪಳಗಿ, ಆಮೇಲೆ ವೈದ್ಯರಾದವರು ಗಾಫ್‌ಮನ್. 1949ರಲ್ಲಿ ಇವರು ಪ್ರಕಟಿಸಿದ ವಿವರಣೆ ಇದು: ಆ ಉಬ್ಬು ಹೊಸ ಪ್ರೋಟೀನಿನದಲ್ಲ. ಕೊಬ್ಬು ಹೊತ್ತ ಕಣಗಳ ಸಾಂದ್ರತೆ ಅಲ್ಬುಮಿನ್ ತುಂಬಿದ ದ್ರವದ ಸಾಂದ್ರತೆಗೆ ತೀರ ಹತ್ತಿರ. ಹಾಗಾಗಿ ಅವು ಕೆಳಗಿಳಿಯಲಾರದೆ ಅಲ್ಲಿಯೇ ಗುಂಪುಗೂಡುತ್ತಿವೆ. ಹಾಗಿದ್ದರೆ ಅವನ್ನು ಮುಳುಗಿಸುವ ಪ್ರಯತ್ನವನ್ನೇ ಬಿಟ್ಟು, ದ್ರವಕ್ಕೆ ಉಪ್ಪು ಹಾಕಿ ಸಾಂದ್ರತೆ ಏರಿಸಿದರೆ? ಉಳಿದ ಪ್ರೋಟೀನ್‌ಗಳೆಲ್ಲ ತಳಕ್ಕಿಳಿಯುತ್ತವೆ, ಕೊಬ್ಬಿನ ಕಣಗಳು ಮಾತ್ರ ಮೇಲಕ್ಕೇಳುತ್ತವೆ. ಹಾಗೆಯೇ ಆಯಿತು. ಕಳೆದ ಶತಮಾನದ ಜೀವರಸಾಯನದಲ್ಲಿ ಇಷ್ಟು ಸರಳವೂ ಇಷ್ಟು ಫಲವತ್ತೂ ಆದ ಯೋಚನೆಗಳು ಕೆಲವೇ ಇವೆ.

ಇಂದಿಗೂ ಸಂಶೋಧನಾಲಯಗಳಲ್ಲಿ ಕೆಲಸ ನಡೆಯುವುದು ಈ ದಾರಿಯಲ್ಲೇ. ರಕ್ತವನ್ನು ಇಡಿಟಿಎ ಹಾಕಿದ ನಳಿಕೆಯಲ್ಲಿ ಸಂಗ್ರಹಿಸುತ್ತಾರೆ. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವುದಲ್ಲದೆ, ಎಲ್‌ಡಿಎಲ್ ಅನ್ನು ಕೆಡಿಸುವ ತಾಮ್ರದಂಥ ಲೋಹದ ಅಯಾನುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ಪ್ಲಾಸ್ಮಾದ ಲವಣದ್ರವದ ಸಾಂದ್ರತೆ ಮಿಲಿಲೀಟರಿಗೆ 1.006 ಗ್ರಾಂ. ಅದನ್ನು ಹಾಗೆಯೇ ತಿರುಗಿಸಿದರೆ ವಿಎಲ್‌ಡಿಎಲ್ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದು, ಪೊಟ್ಯಾಸಿಯಂ ಬ್ರೋಮೈಡ್ ಬೆರೆಸಿ ಸಾಂದ್ರತೆಯನ್ನು 1.019ಕ್ಕೆ, ಆಮೇಲೆ 1.063ಕ್ಕೆ ಏರಿಸುತ್ತಾರೆ, ಈಗ ತೇಲುವುದು ಎಲ್‌ಡಿಎಲ್. ಕೊನೆಗೆ 1.21ಕ್ಕೆ ಏರಿಸಿದರೆ ಎಚ್‌ಡಿಎಲ್. ಹತ್ತು ಮಿಲಿಲೀಟರ್ ದ್ರವವನ್ನು 1.006ರಿಂದ ನೇರವಾಗಿ 1.063ಕ್ಕೆ ಒಯ್ಯಲು ಬೇಕಾದ ಉಪ್ಪು ಸುಮಾರು 0.85 ಗ್ರಾಂ, ಅಷ್ಟೇ. ಆದರೆ ಅದನ್ನು ಸ್ವಲ್ಪಸ್ವಲ್ಪವಾಗಿ, ನೊರೆ ಏಳದಂತೆ ಕರಗಿಸಬೇಕು. ನೊರೆ ಎದ್ದರೆ ಪ್ರೋಟೀನ್ ಕೆಡುತ್ತದೆ.

ಆಮೇಲೆ ರೋಟರ್, ಅಂದರೆ ನಳಿಕೆಗಳನ್ನು ಹೊತ್ತು ತಿರುಗುವ ಭಾಗ. ಎದುರುಬದುರಿನ ನಳಿಕೆಗಳ ತೂಕ ಸರಿಸಮವಾಗಿರಬೇಕು. ಗಾಳಿ ತೆಗೆದ, ತಂಪಾದ ಕೋಣೆಯೊಳಗೆ ನಿಮಿಷಕ್ಕೆ 40,000 ಸುತ್ತು. ಕಣಗಳ ಮೇಲೆ ಬೀಳುವ ಬಲ ಭೂಮಿಯ ಗುರುತ್ವದ ಒಂದು ಲಕ್ಷ ಪಟ್ಟನ್ನು ಮೀರುತ್ತದೆ. ಒಂದೊಂದು ಹಂತಕ್ಕೂ ಹದಿನೆಂಟು, ಇಪ್ಪತ್ತು ಗಂಟೆ ಹಿಡಿಯುವುದುಂಟು. ನಿಲ್ಲಿಸುವಾಗ ಬ್ರೇಕ್ ಹಾಕುವುದಿಲ್ಲ, ತಾನಾಗಿ ನಿಧಾನಿಸಲು ಬಿಡುತ್ತಾರೆ. ಇಲ್ಲವಾದರೆ ಅಷ್ಟು ಹೊತ್ತು ಕಾದು ಪಡೆದ ಪದರಗಳು ಕಲಸಿಹೋಗುತ್ತವೆ. ಎಲ್‌ಡಿಎಲ್ ಪದರವನ್ನು ಕಣ್ಣಾರೆ ನೋಡಬಹುದು: ಕಿತ್ತಳೆ ಛಾಯೆಯ ಹಳದಿ ಪಟ್ಟಿ. ಆ ಬಣ್ಣ ಕೊಲೆಸ್ಟರಾಲಿನದಲ್ಲ. ನಾವು ತಿಂದ ಕ್ಯಾರೆಟ್, ಸೊಪ್ಪು, ಹಣ್ಣುಗಳ ಕ್ಯಾರೊಟಿನ್ ವರ್ಗದ ಬಣ್ಣಗಳು ಈ ಕಣಗಳ ಕೊಬ್ಬಿನಲ್ಲಿ ಕರಗಿ ಪ್ರಯಾಣ ಮಾಡುತ್ತಿರುತ್ತವೆ. ಪಟ್ಟಿಯನ್ನು ಪಿಪೆಟ್‌ನಿಂದ ಹೀರಿ ತೆಗೆದು, ಬ್ರೋಮೈಡ್ ಹೋಗುವವರೆಗೆ ಡಯಾಲಿಸಿಸ್ ಮಾಡುತ್ತಾರೆ, ಅಂದರೆ ಉಪ್ಪನ್ನು ಮಾತ್ರ ಹೊರಬಿಡುವ ಪೊರೆಯ ಚೀಲದಲ್ಲಿಟ್ಟು ಸೋಸುತ್ತಾರೆ.

1.063, 1.21 ಎಂಬ ಈ ಗಡಿಗಳನ್ನು ಬಳಸಿ 1955ರಲ್ಲಿ ಹ್ಯಾವೆಲ್, ಈಡರ್, ಬ್ರಾಗ್ಡನ್ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಆಧಾರಗ್ರಂಥದಂತಾಯಿತು. ಗಡಿಗಳು ಉಪಯುಕ್ತ, ಸಂದೇಹವಿಲ್ಲ. ಆದರೆ ಅವು ಮನುಷ್ಯರು ಎಳೆದವು. ರಕ್ತದೊಳಗೆ ಕಣಗಳು ಕೊಬ್ಬನ್ನು ಇಳಿಸುತ್ತ, ಕೊಡುತ್ತ, ಪಡೆಯುತ್ತ ಗಳಿಗೆಗಳಿಗೆಗೆ ಬದಲಾಗುತ್ತಿರುತ್ತವೆ. ವಿಎಲ್‌ಡಿಎಲ್ ಸೊರಗುತ್ತ ಹೋಗಿ ಎಲ್‌ಡಿಎಲ್ ಆಗುತ್ತದೆ. ಅತಿಯಾದ ಉಪ್ಪು ಮತ್ತು ಬಲಕ್ಕೆ ಸಿಕ್ಕ ಎಚ್‌ಡಿಎಲ್ ತನ್ನ ಕೆಲವು ಪ್ರೋಟೀನ್‌ಗಳನ್ನು ಕಳಚಿಕೊಳ್ಳುವುದೂ ಉಂಟು. ಅದಕ್ಕಾಗಿಯೇ ಕೆಲವರು ಗಾತ್ರದ ಮೇಲೆ ಸೋಸುವ ಜೆಲ್ ಕಾಲಂಗಳ ಮೃದುವಾದ ದಾರಿ ಹಿಡಿಯುತ್ತಾರೆ.

ಗಡಿಗೆ ಸಿಕ್ಕದ ಕಣವೊಂದನ್ನು 1963ರಲ್ಲಿ ನಾರ್ವೆಯ ಕೋರೆ ಬೆರ್ಗ್ ಗುರುತಿಸಿದರು: ಲಿಪೊಪ್ರೋಟೀನ್ ಎ. ಅದರ ಸಾಂದ್ರತೆ 1.063ರ ಗೆರೆಯ ಎರಡೂ ಕಡೆ ಚಾಚಿಕೊಂಡಿದೆ. ನಮ್ಮ ವರದಿಯ ಎಲ್‌ಡಿಎಲ್ ಲೆಕ್ಕದೊಳಗೆ ಅದರ ಕೊಲೆಸ್ಟರಾಲೂ ಸೇರಿಹೋಗುತ್ತದೆ, ಬೇರೆಯಾಗಿ ಕಾಣುವುದಿಲ್ಲ. ಅದರ ಮಟ್ಟ ಬಹುತೇಕ ವಂಶವಾಹಿಗಳಿಂದ ನಿರ್ಧಾರವಾಗುತ್ತದೆ, ಪಥ್ಯದಿಂದ ಹೆಚ್ಚೇನೂ ಇಳಿಯದು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಿದ್ದರೆ ಒಮ್ಮೆಯಾದರೂ ಪ್ರತ್ಯೇಕ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಬೇರ್ಪಡಿಸುವ ಈ ವಿದ್ಯೆಗೆ ದೊರೆತ ಅತಿ ದೊಡ್ಡ ಫಲ ಡಲ್ಲಾಸ್‌ನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರದು. ಲಿಪೊಪ್ರೋಟೀನ್‌ಗಳನ್ನೆಲ್ಲ ತೇಲಿಸಿ ತೆಗೆದ ಮೇಲೆ ತಳದಲ್ಲಿ ಉಳಿಯುವ ರಕ್ತರಸದಲ್ಲಿ ಅವರು ಮನುಷ್ಯರ ಚರ್ಮದ ಜೀವಕೋಶಗಳನ್ನು ಬೆಳೆಸಿದರು. ಕೊಲೆಸ್ಟರಾಲ್ ಸಿಗದ ಕೋಶಗಳು ತಾವೇ ಅದನ್ನು ತಯಾರಿಸತೊಡಗಿದವು. ಅದಕ್ಕೆ ಬೇಕಾದ ಕಿಣ್ವದ ಚಟುವಟಿಕೆ ಏರಿತು. ಶುದ್ಧ ಎಲ್‌ಡಿಎಲ್ ಬೆರೆಸಿದ ಕೂಡಲೇ ಕೋಶಗಳು ತಯಾರಿಕೆ ತಗ್ಗಿಸಿದವು. ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತವಾಗಿದ್ದ, ದೋಷವುಳ್ಳ ವಂಶವಾಹಿಯನ್ನು ತಂದೆತಾಯಿ ಇಬ್ಬರಿಂದಲೂ ಪಡೆದಿದ್ದ ರೋಗಿಗಳ ಕೋಶಗಳು ಮಾತ್ರ ಎಲ್‌ಡಿಎಲ್ ಬೆರೆಸಿದರೂ ತಯಾರಿಕೆ ತಗ್ಗಿಸಲಿಲ್ಲ. ವಿಕಿರಣಶೀಲ ಅಯೋಡಿನ್ ಅಂಟಿಸಿದ ಎಲ್‌ಡಿಎಲ್ ಬಳಸಿ ನೋಡಿದಾಗ ಕಾರಣ ತಿಳಿಯಿತು: ಅದನ್ನು ಹಿಡಿದುಕೊಳ್ಳುವ ಗ್ರಾಹಕ ಆ ಕೋಶಗಳ ಮೇಲೆ ಕೆಲಸ ಮಾಡುತ್ತಿರಲಿಲ್ಲ. 1985ರ ನೊಬೆಲ್ ಈ ಇಬ್ಬರಿಗೆ ಬಂತು. ಇಂದು ಲಕ್ಷಾಂತರ ಜನ ರಾತ್ರಿ ಊಟದ ನಂತರ ನುಂಗುವ ಸ್ಟಾಟಿನ್ ಮಾತ್ರೆ ತಡೆಯುವುದು ಅದೇ ಕಿಣ್ವವನ್ನು. ಆಗ ಯಕೃತ್ತಿನ ಕೋಶಗಳು ಅದೇ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತವೆ.