ಅಜ್ಜನ ಪಿಟೀಲಿನೊಳಗೆ ‘ಸ್ಟ್ರಾಡಿವೇರಿಯಸ್’ ಚೀಟಿ ಇದ್ದರೆ ಅದು ಅಸಲಿಯೇ?

ಪ್ರಶ್ನೆ: ನಮ್ಮ ತರವಾಡು ಮನೆಯ ಅಟ್ಟದಲ್ಲಿ ಅಜ್ಜ ನುಡಿಸುತ್ತಿದ್ದ ಪಿಟೀಲು ಸಿಕ್ಕಿದೆ. ಒಳಗಿನ ಚೀಟಿಯಲ್ಲಿ ಆಂಟೋನಿಯಸ್ ಸ್ಟ್ರಾಡಿವೇರಿಯಸ್, ಕ್ರೆಮೊನಾ, 1721 ಎಂದು ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಗಿದೆ. ಇದು ಅಸಲಿಯೇ? ಹನ್ನೆರಡು ವರ್ಷದ ಮಗಳಿಗೆ ಕಲಿಯಲು ಇದನ್ನೇ ಕೊಡಬಹುದೇ, ಹೊಸದನ್ನು ಕೊಳ್ಳಬೇಕೇ?
(ಬದಿಯಡ್ಕದ ಓದುಗರೊಬ್ಬರು)

ಉತ್ತರ: ಕುಂಬಳೆ, ನೀರ್ಚಾಲು, ಪೆರ್ಲದ ಕಡೆಯ ಹಳೆಯ ಮನೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಸಲಿ ಆಗಿರುವ ಸಂಭವ ಇಲ್ಲವೆಂದೇ ತಿಳಿಯಿರಿ. ಇಟಲಿಯ ಕ್ರೆಮೊನಾದಲ್ಲಿ ವಾದ್ಯ ಮಾಡುತ್ತಿದ್ದ ಆಂಟೋನಿಯೊ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡರು. ಅವರ ವಾದ್ಯಗಳಲ್ಲಿ ಇಂದು ಉಳಿದಿರುವುದು ಸುಮಾರು 650 ಮಾತ್ರ. ಅವುಗಳಲ್ಲಿ ಹೆಚ್ಚಿನವು ಯಾರ ಕೈಯಿಂದ ಯಾರ ಕೈಗೆ ಹೋದವೆಂಬುದಕ್ಕೆ ದಾಖಲೆಯಿದೆ. ಆದರೆ ಅವರ ಹೆಸರಿನ ಚೀಟಿ ಅಂಟಿಸಿದ ಪಿಟೀಲುಗಳು ಲೋಕದಲ್ಲಿ ಲಕ್ಷಗಟ್ಟಲೆ ಇವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಜರ್ಮನಿಯ ಮಾರ್ಕ್‌ನ್ಯೂಕಿರ್ಖೆನ್, ಅದರ ಗಡಿಯಾಚೆಯ ಬೊಹೇಮಿಯದ ಶೋನ್‌ಬಾಖ್, ಫ್ರಾನ್ಸಿನ ಮಿರೆಕೂರ್ ಮುಂತಾದ ಊರುಗಳು ಪಿಟೀಲನ್ನು ಗೃಹೋದ್ಯಮವಾಗಿ ತಯಾರಿಸಿ ದೇಶದೇಶಗಳಿಗೆ ಕಳುಹಿಸುತ್ತಿದ್ದವು. ಒಂದು ಮನೆಯವರು ಹಿಂಬದಿಯ ಹಲಗೆ ಕೆತ್ತಿದರೆ ಇನ್ನೊಂದು ಮನೆಯವರು ಸುರುಳಿತಲೆ ಕೆತ್ತುತ್ತಿದ್ದರು, ಮತ್ತೊಬ್ಬರು ಎಲ್ಲವನ್ನೂ ಕೂಡಿಸಿ ಬಣ್ಣ ಹಚ್ಚುತ್ತಿದ್ದರು. ಇದು ಸ್ಟ್ರಾಡಿವರಿಯ ಮಾದರಿಯದು, ಇದು ಇನ್ನೊಬ್ಬ ಹೆಸರಾಂತ ಪಿಟೀಲು ತಯಾರಕ ಗ್ವಾರ್ನೇರಿಯ ಮಾದರಿಯದು ಎಂದು ತಿಳಿಸುವುದಕ್ಕಾಗಿ ಆಯಾ ಹೆಸರಿನ ಚೀಟಿ ಅಂಟಿಸುವುದು ಆ ವ್ಯಾಪಾರದ ರೂಢಿಯಾಗಿತ್ತು. ಆದ್ದರಿಂದ ನಿಮ್ಮ ಅಜ್ಜನಿಗೆ ಯಾರೋ ಮೋಸ ಮಾಡಿದರೆಂದು ನೊಂದುಕೊಳ್ಳಬೇಕಾಗಿಲ್ಲ.

ಚೀಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ದೇಶದ ಹೆಸರೇನಾದರೂ ಇದೆಯೇ ನೋಡಿ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಬ್ರಿಟನ್ 1887ರಲ್ಲಿ, ಅಮೆರಿಕ 1890ರಲ್ಲಿ ಕಾನೂನು ತಂದ ಮೇಲೆ ‘ಮೇಡ್ ಇನ್ ಜರ್ಮನಿ’ ಎಂದು ಅಚ್ಚು ಹಾಕುವುದು ಬಳಕೆಗೆ ಬಂತು. ಜೆಕೊಸ್ಲೊವಾಕಿಯ ಎಂದಿದ್ದರೆ ಅದು 1918ಕ್ಕಿಂತ ಹಿಂದಿನದಾಗಲಾರದು, ಏಕೆಂದರೆ ಬೊಹೇಮಿಯವನ್ನು ಒಳಗೊಂಡ ಆ ಹೆಸರಿನ ದೇಶ ಹುಟ್ಟಿದ್ದೇ ಆಗ.

ಚೀಟಿಯ ಮಾತು ಇಲ್ಲಿಗೆ ಸಾಕು. ವಾದ್ಯದ ಯೋಗ್ಯತೆ ಅದರ ಮರದಲ್ಲಿ, ಕೆಲಸದಲ್ಲಿ, ಈಗಿನ ಸ್ಥಿತಿಯಲ್ಲಿ ಇರುತ್ತದೆ. ಪಿಟೀಲಿನ ಮುಂಬದಿ ಸ್ಪ್ರೂಸ್ ಮರದ್ದು, ಹಿಂಬದಿ ಮತ್ತು ಪಕ್ಕಗಳು ಮೇಪಲ್ ಮರದವು. ಹಿಂಬದಿಯಲ್ಲಿ ಅಡ್ಡಡ್ಡಲಾಗಿ ಕಾಣುವ ಹುಲಿಪಟ್ಟೆಯಂಥ ಗೆರೆಗಳು ವಾದ್ಯವನ್ನು ಬೆಳಕಿಗೆ ಹಿಡಿದು ವಾಲಿಸಿದಾಗ ಜಾಗ ಬದಲಿಸುವಂತೆ ತೋರಿದರೆ ಅವು ಮರದ್ದೇ. ಅಲುಗದೆ ನಿಂತಿದ್ದರೆ ಬಣ್ಣದಿಂದ ಎಳೆದವು. ಅಂಚಿನ ಉದ್ದಕ್ಕೂ ಓಡುವ ಜೋಡಿ ಕಪ್ಪುಗೆರೆಯೂ ಹಾಗೆಯೇ. ಒಳ್ಳೆಯ ವಾದ್ಯದಲ್ಲಿ ಅದು ಕೊರೆದು ಕೂಡಿಸಿದ ತೆಳುಮರದ ಪಟ್ಟಿಯಾಗಿರುತ್ತದೆ ಮತ್ತು ಅಂಚಿನಿಂದ ಶುರುವಾದ ಸೀಳು ಒಳಗೆ ಹರಿಯದಂತೆ ತಡೆಯುತ್ತದೆ. ಅಗ್ಗದ ವಾದ್ಯದಲ್ಲಿ ಅದು ಬರೀ ಶಾಯಿ. ಟಾರ್ಚು ಹಿಡಿದು ನಾದರಂಧ್ರದಿಂದ ಒಳಗೆ ನೋಡಿದರೆ ಕುದುರೆಯ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡಿನ) ಬಲಗಾಲಿನ ಸ್ವಲ್ಪ ಹಿಂದೆ ಪೆನ್ಸಿಲಿನಷ್ಟು ದಪ್ಪದ ಒಂದು ಕಡ್ಡಿ ನಿಂತಿರಬೇಕು. ಸೌಂಡ್ ಪೋಸ್ಟ್ ಎಂಬ ಈ ಕಡ್ಡಿಯನ್ನು ಅಂಟಿಸಿರುವುದಿಲ್ಲ. ಮೇಲಿನ ಮತ್ತು ಕೆಳಗಿನ ಹಲಗೆಗಳ ಬಿಗಿಯಲ್ಲೇ ಅದು ನಿಲ್ಲುತ್ತದೆ, ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಿದರೆ ಬಿದ್ದುಬಿಡಬಹುದು. ಅಟ್ಟದಿಂದ ಇಳಿಸಿದ ಪಿಟೀಲನ್ನು ಅಲುಗಾಡಿಸಿದಾಗ ಒಳಗೆ ಕಟಕಟ ಎನ್ನುವುದು ಹೆಚ್ಚಾಗಿ ಇದೇ, ಮತ್ತು ಅದನ್ನು ಮರಳಿ ನಿಲ್ಲಿಸುವುದು ಬಲ್ಲವರಿಗೆ ಸಣ್ಣ ಕೆಲಸ. ಆ ಕಡ್ಡಿ ನಿಲ್ಲುವ ಜಾಗದಲ್ಲಿ ಹಿಂಬದಿಯ ಹಲಗೆಯೇ ಬಿರಿದಿದ್ದರೆ ಮಾತ್ರ ಯೋಚಿಸಬೇಕು. ಆ ರಿಪೇರಿ ದುಬಾರಿ. ಕುಟ್ಟೆ ಹುಳ ಕೊರೆದ ತೂತುಗಳಿದ್ದರೂ ಹಾಗೆಯೇ.

ಇನ್ನು ನಮ್ಮ ಕರಾವಳಿಯ ಹವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಪಿಟೀಲಿನ ಸ್ವಭಾವ ತಿಳಿಯುವುದು ಆಟಿ ತಿಂಗಳಲ್ಲಿ. ತಂತಿ ಬಿಗಿಯುವ ಬಿರಡೆಗಳು ತೇವ ಕುಡಿದು ಊದಿಕೊಂಡು ಒಂದಿಷ್ಟೂ ತಿರುಗದೆ ಹಟ ಹಿಡಿಯುತ್ತವೆ. ಅದೇ ವಾದ್ಯವನ್ನು ಎ.ಸಿ. ಸಭಾಂಗಣಕ್ಕೋ ಬೇಸಗೆಯ ಮೈಸೂರಿಗೋ ಒಯ್ದರೆ ನಿಲ್ಲದೆ ಜಾರುತ್ತವೆ. ಬಿಗಿದ ಬಿರಡೆಯನ್ನು ಬಲವಾಗಿ ತಿರುಚಿದರೆ ಬಿರಡೆಯ ಗೂಡೇ ಸೀಳೀತು, ಆದ್ದರಿಂದ ಮೆಲ್ಲನೆ ಹೊರಕ್ಕೆಳೆದು ಸಡಿಲಿಸಿ, ಒಣ ಸಾಬೂನನ್ನೂ ಸೀಮೆಸುಣ್ಣವನ್ನೂ ಉಜ್ಜಿ ಮತ್ತೆ ಕೂಡಿಸಬೇಕು. ಪಕ್ಕದ ಬೆಸುಗೆ ಅಲ್ಲಲ್ಲಿ ಬಾಯಿಬಿಡುವುದೂ ಈ ಹವೆಯಲ್ಲೇ. ಪಿಟೀಲನ್ನು ಕೂಡಿಸುವುದು ಚರ್ಮ ಮೂಳೆಗಳಿಂದ ಕುದಿಸಿ ತೆಗೆದ ಅಂಟಿನಿಂದ. ಮರ ಹಿಗ್ಗಿ ಕುಗ್ಗಿದಾಗ ಹಲಗೆ ಸೀಳುವ ಮೊದಲು ಬೆಸುಗೆ ಬಿಡಲಿ, ಬೇಕಾದಾಗ ಬಿಸಿನೀರು ತಾಗಿಸಿ ಬಿಚ್ಚಲೂ ಬರಲಿ ಎಂಬುದು ಅದರ ಉದ್ದೇಶ. ನಮ್ಮಲ್ಲಿ ನಡೆಯುವ ದೊಡ್ಡ ಅನಾಹುತವೆಂದರೆ, ಬಾಯಿಬಿಟ್ಟ ಬೆಸುಗೆಗೆ ಪರಿಚಿತ ಬಡಗಿಯನ್ನು ಕರೆಸಿ ಬಾಗಿಲು ಕಿಟಕಿಗೆ ಬಳಸುವ ಬಿಳಿ ಅಂಟು ಹಾಕಿಸುವುದು. ಹಾಗೆ ಅಂಟಿಸಿದ ವಾದ್ಯವನ್ನು ಮುಂದೆ ಬಿಚ್ಚಬೇಕಾದಾಗ ಮರದ ನಾರೇ ಕಿತ್ತು ಬರುತ್ತದೆ. ದಯವಿಟ್ಟು ಇದೊಂದನ್ನು ಮಾಡಿಸಬೇಡಿ.

ಎರಡನೆಯದು ಶ್ರುತಿಯ ವಿಷಯ. ಜಾಹೀರಾತು ನೋಡಿ ಕೊಳ್ಳುವವರು ಇದನ್ನು ಗಮನಿಸುವುದೇ ಇಲ್ಲ. ಈ ವಾದ್ಯವೂ ಇದರ ತಂತಿಗಳೂ ರೂಪುಗೊಂಡದ್ದು ಜಿ, ಡಿ, ಎ, ಇ ಎಂಬ ಪಾಶ್ಚಾತ್ಯ ಶ್ರುತಿಗೆ. ನಾವು ಕೂಡಿಸುವುದು ಸ ಪ ಸ ಪ ಎಂದು. ಐದು ಕಟ್ಟೆಯಲ್ಲಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಯಾದ ಜಿ ಶ್ರುತಿಯಲ್ಲಿ, ಹಾಡುವ ಗಾಯಕಿಯ ಜೊತೆಗೆ ನುಡಿಸುವಾಗ ಕೆಳಗಿನ ಎರಡು ತಂತಿಗಳು ತಮ್ಮ ಜಾಗದಲ್ಲೇ ಇರುತ್ತವೆ, ಮೇಲಿನ ಎರಡು ಒಂದೊಂದು ಸ್ವರ ಇಳಿಯುತ್ತವೆ; ಹೆಚ್ಚೇನೂ ತೊಂದರೆಯಿಲ್ಲ. ಒಂದು ಕಟ್ಟೆಯ ಗಾಯಕರಿಗಾಗಿ ಇಳಿಸಿದಾಗ ನಾಲ್ಕೂ ತಂತಿಗಳು ಸಡಿಲಗೊಂಡು ಕೆಲವು ಪಿಟೀಲುಗಳ ದನಿ ಮಂಕಾಗುತ್ತದೆ, ಮಂದ್ರ ಷಡ್ಜ ಬರೀ ಗೊರಗುಟ್ಟುತ್ತದೆ. ಅಂಗಡಿಯಲ್ಲಿ ಪಾಶ್ಚಾತ್ಯ ಶ್ರುತಿಯಲ್ಲಿ ಮಿಂಚಿದ ವಾದ್ಯ ಕಛೇರಿಯಲ್ಲಿ ಸೋಲುವುದು ಹೀಗೆ. ನಿಮ್ಮದನ್ನು ಪರೀಕ್ಷಿಸುವಾಗ ಮಗಳ ಗುರುಗಳು ನುಡಿಸುವ ಶ್ರುತಿಗೇ ಕೂಡಿಸಿ ಕೇಳಿ. ಅಗತ್ಯವಿದ್ದರೆ ದಪ್ಪ ತಂತಿ ಹಾಕಿಸಿ. ಗಮಕಕ್ಕಾಗಿ ಬೆರಳು ತಂತಿಯ ಉದ್ದಕ್ಕೂ ಜಾರಬೇಕಾದ್ದರಿಂದ ಕುದುರೆ ತುಸು ಎತ್ತರವಾದರೂ ಮಗುವಿನ ಬೆರಳು ನೋಯುತ್ತದೆ, ಜಾರು ತಡವರಿಸುತ್ತದೆ. ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ನಮ್ಮ ಅಭ್ಯಾಸಕ್ಕೆ ನನ್ನ ಆಕ್ಷೇಪವಿಲ್ಲ. ಎಣ್ಣೆ ಕಮಾನಿನ ಕೂದಲಿಗೆ ತಾಗಿದರೆ ಮಾತ್ರ ರಾಳ ಹಿಡಿಯದೆ ಕಮಾನು ಸದ್ದಿಲ್ಲದೆ ಜಾರುತ್ತದೆ.

ಬೇರೆ ಬಗೆಯ ಪಿಟೀಲುಗಳ ಬಗ್ಗೆ ಎರಡು ಮಾತು. ಈಗ ಅಂಗಡಿಗಳಲ್ಲಿ ಪೆಟ್ಟಿಗೆ, ಕಮಾನು ಸಮೇತ ಅಗ್ಗಕ್ಕೆ ಸಿಗುವ ವಾದ್ಯಗಳಲ್ಲಿ ಹೆಚ್ಚಿನವು ಚೀನಾದ್ದು. ಅವುಗಳಲ್ಲಿ ಪ್ಲೈವುಡ್ಡಿನವು ಮಳೆಗಾಲಕ್ಕೆ ಜಗ್ಗುವುದಿಲ್ಲ, ಆದರೆ ದನಿ ಬೆಳೆಯುವುದಿಲ್ಲ. ಇಡಿಯ ಮರದವು ಒಳ್ಳೆಯ ಕುದುರೆ, ತಂತಿ ಹಾಕಿಸಿದ ಮೇಲೆ ಕಲಿಕೆಗೆ ಚೆನ್ನಾಗಿಯೇ ಒದಗುತ್ತವೆ. ವಿದ್ಯುತ್ ಪಿಟೀಲು ಕಲಿಯುವ ಮಗುವಿಗೆ ಬೇಡ, ನಾದ ಎಲ್ಲಿಂದ ಹುಟ್ಟುತ್ತದೆಂಬುದೇ ಅದರಲ್ಲಿ ಕೈಗೆ ತಿಳಿಯದು. ಮೈಸೂರಿನ ಟಿ. ಚೌಡಯ್ಯನವರು ನುಡಿಸುತ್ತಿದ್ದ ಏಳು ತಂತಿಯ ಪಿಟೀಲಿನ ಬಗ್ಗೆಯೂ ಹಲವರು ಕೇಳುತ್ತಾರೆ. ಮೈಕು ಇಲ್ಲದ ಸಭೆಯಲ್ಲಿ ಕೊನೆಯ ಸಾಲಿನವರಿಗೂ ಕೇಳಲೆಂದು ಅವರು ಮೂರು ತಂತಿಗಳಿಗೆ ಜೊತೆ ತಂತಿ ಕೂಡಿಸಿದ್ದರು. ಜೋಡಿ ತಂತಿಗಳೆರಡನ್ನೂ ಒಂದೇ ಬೆರಳಿನಲ್ಲಿ ಶ್ರುತಿ ತಪ್ಪದಂತೆ ಒತ್ತಬೇಕಾದ ಆ ವಾದ್ಯ ಅವರಂಥವರ ಕೈಗೇ ಸರಿ.

ಹಾಗಾದರೆ ಮಗಳಿಗೆ ಯಾವುದು? ಸುರುಳಿತಲೆ, ಕುತ್ತಿಗೆಗಳನ್ನು ಬಿಟ್ಟು ಹಿಂಬದಿಯ ಹಲಗೆಯನ್ನು ಅಳೆಯಿರಿ. ಸುಮಾರು 356 ಮಿಲಿಮೀಟರ್ ಇದ್ದರೆ ಅದು ಪೂರ್ಣ ಅಳತೆಯದು. ಹನ್ನೆರಡು ವರ್ಷದ ಮಗುವಿನ ಕೈಗೆ ಅದು ಎಟಕುತ್ತದೆಯೇ ಎಂಬುದನ್ನು ಗುರುಗಳು ಕೂರಿಸಿ ನೋಡಿ ಹೇಳುತ್ತಾರೆ. ಕೈ ಎಟಕಿ, ಹಿಂಬದಿ ಬಿರಿಯದೆ, ಹುಳ ಹಿಡಿಯದೆ ಇದ್ದರೆ ಹೊಸ ಅಗ್ಗದ ವಾದ್ಯಕ್ಕೆ ಕೊಡುವ ಹಣವನ್ನು ಈ ಹಳೆಯದರ ಬೆಸುಗೆ, ಬಿರಡೆ, ಕುದುರೆ, ತಂತಿಗಳಿಗೆ ಹಾಕುವುದೇ ಲೇಸೆಂದು ನನ್ನ ಅಭಿಪ್ರಾಯ. ಸಾಮಾನ್ಯ ಜರ್ಮನ್ ಪಿಟೀಲಿನ ಹಳೆಯ ಮರವೂ ಸರಿಯಾಗಿ ಸಜ್ಜುಗೊಳಿಸಿದರೆ ಅಗ್ಗದ ಹೊಸದಕ್ಕಿಂತ ತುಂಬಿದ ದನಿ ಕೊಡುತ್ತದೆ. ಪಿಟೀಲನ್ನೇ ಬಲ್ಲ ರಿಪೇರಿಯವರು ನಮ್ಮ ಜಿಲ್ಲೆಯಲ್ಲಿ ವಿರಳವಾದ್ದರಿಂದ ಗುರುಗಳನ್ನು ಕೇಳಿ, ಮಂಗಳೂರಿಗಾದರೂ ಒಯ್ಯಿರಿ. ಒಯ್ಯುವಾಗ ಹಳೆಯ ಕಮಾನನ್ನೂ ಜೊತೆಗಿಡಿ: ಕೂದಲು ಉದುರಿದ್ದರೆ ಹೊಸದಾಗಿ ಕಟ್ಟಿಸಬಹುದು, ಬಿಗಿದೇ ಇಟ್ಟು ಕಡ್ಡಿ ಸೊಟ್ಟಗಾಗಿದ್ದರೆ ಬೇರೆಯದನ್ನೇ ಕೊಳ್ಳಬೇಕಾದೀತು.